ಬೀಗವಿಲ್ಲದ ಆಟಗಳ ಮಾವ

ನನ್ನ ಸೋದರಮಾವ ಯಾರಿಗೆ ಏನನ್ನು ಕೊಟ್ಟರೂ ಮರುಕ್ಷಣವೇ ತಮ್ಮ ಎರಡೂ ಅಂಗೈಗಳನ್ನು ಬಿಡಿಸಿ ತೋರಿಸುತ್ತಾರೆ. ನಲವತ್ತು ವರ್ಷ ಕನ್ನಡಕದ ಗಾಜು ಉಜ್ಜಿ ನುಣುಪಾದ ಆ ಅಂಗೈಗಳಲ್ಲಿ ಏನೂ ಉಳಿದಿಲ್ಲವೆಂದು ಎದುರಿನವರಿಗೆ ಖಾತ್ರಿಯಾಗಬೇಕು. ಹಣ್ಣು ಕೊಟ್ಟಾಗ ಹೀಗೆ ಮಾಡಿದರೆ ತಮಾಷೆ. ಮಾವ ಕಂಪ್ಯೂಟರ್ ಆಟ ಕೊಟ್ಟಾಗಲೂ ಹೀಗೇ ಮಾಡುತ್ತಾರೆ.

ಕೊಂಚ ಎಡಕ್ಕೆ ವಾಲಿ ನಡೆಯುವ, ಬಿರುಬೇಸಿಗೆಯಲ್ಲೂ ಬೂದು ಕೋಟು ಕಳಚದ ಈ ವೃದ್ಧರಿಗೆ ಆಟಗಳ ಹುಚ್ಚು. ಕೊಳ್ಳುವುದು ಮಾತ್ರ ಬೀಗವಿಲ್ಲದವನ್ನೇ. ಎಂದರೆ, ಒಮ್ಮೆ ಹಣ ತೆತ್ತು ಇಳಿಸಿಕೊಂಡರೆ ಕಂಪನಿಯ ಅಪ್ಪಣೆಯಿಲ್ಲದೆ ಯಾವ ಯಂತ್ರದಲ್ಲಾದರೂ ಓಡುವಂಥವು, ನೂರು ನಕಲು ಮಾಡಿದರೂ ತಡೆಯದಂಥವು. ಆಡಿ ಮುಗಿಸಿದ್ದನ್ನು ಕೊಡುವಾಗ ಮಾವ ಪಡೆಯುವವರನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು, ಪೆನ್‌ಡ್ರೈವಿಗೆ ತುಂಬಿಸಿ, ಅವರ ಕಣ್ಣೆದುರೇ ತಮ್ಮ ಪ್ರತಿಯನ್ನು ಅಳಿಸಿಬಿಡುತ್ತಾರೆ. ಒಮ್ಮೆ ಪೂರ್ತಿ ತುಂಬುವ ಮುನ್ನವೇ ಅವಸರದಲ್ಲಿ ಅಳಿಸಿ, ಕೊಟ್ಟವರಿಗೂ ಇಲ್ಲ, ಪಡೆದವರಿಗೂ ಇಲ್ಲ ಎಂಬಂತಾಗಿ, ಅದೇ ಆಟವನ್ನು ಮತ್ತೆ ಕೊಂಡು ಕೊಟ್ಟರು. ಮನೆಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನೂ ನಕ್ಕೆ.

"ಒಂದು ಕಾಪಿ ಇಟ್ಕೊಳ್ಳಿ ಮಾವ, ಯಾರಿಗೆ ಗೊತ್ತಾಗತ್ತೆ?"

"ಬೀಗ ಹಾಕದೆ ಕೊಟ್ಟಿದಾರೆ ಅಂದ್ರೆ ನನ್ನ ನಂಬಿದಾರೆ ಕಣೋ. ಉಂಡ ಮನೆ ಜಂತಿ ಎಣಿಸ್ತಾರಾ ಯಾರಾದ್ರೂ?"

ಒಂದೇ ಒಂದು ಆಟವನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ಅದರೊಳಗೆ ನಮ್ಮ ಅತ್ತೆ ತಮ್ಮ ಕೊನೆಯ ಎರಡು ವರ್ಷ, ಕಾಯಿಲೆಯ ಹಾಸಿಗೆಯಲ್ಲೇ ಒರಗಿ, ಹೊಳೆಯ ದಂಡೆಗೆ ಒಂದು ಊರು ಕಟ್ಟಿದ್ದರು. ಆಗ ಪಕ್ಕದಲ್ಲಿ ಕೂತು ಸಲಹೆ ಕೊಡುತ್ತಿದ್ದವಳು ಎದುರುಮನೆ ದರ್ಜಿಯ ಮಗಳು. ಅತ್ತೆ ಹೋದರು, ಆಟ ಮಾಡಿದ ಕಂಪನಿಯೂ ಮುಚ್ಚಿತು, ಇನ್ನು ಅದನ್ನು ಎಲ್ಲಿಯೂ ಕೊಳ್ಳುವಂತಿಲ್ಲ. ಈ ವರ್ಷ ಆ ಹುಡುಗಿ ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದಾಗ, ಅತ್ತೆಯ ಊರು ಬೇಕೆಂದು ಕೇಳಿದಳು.

ಮಾವ ದರ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿದರು. "ಇದೊಂದನ್ನ ಬಿಟ್ಬಿಡಿ ಮಾವ," ಎಂದು ನಾನು ಅಂಗಲಾಚಿದೆ. ಅವರು ಪರದೆಯ ಮೇಲೆ ಆ ಊರಿನ ಬೀದಿಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ನೋಡಿದರು. ಪೆನ್‌ಡ್ರೈವಿಗೆ ತುಂಬಿ, ದರ್ಜಿಯ ಲ್ಯಾಪ್‌ಟಾಪಿನಲ್ಲಿ ಎರಡು ಸಲ ಪರೀಕ್ಷಿಸಿ, ಅಳಿಸಿದರು. ಆಮೇಲೆ ಎಂದಿನಂತೆ ಎರಡೂ ಅಂಗೈ ಬಿಡಿಸಿ ತೋರಿಸಿದರು.

"ಊರು ಅಂದ್ಮೇಲೆ ಜನ ಓಡಾಡ್ಬೇಕು. ನಾನು ಸುಮ್ನೆ ನೋಡ್ತಾ ಕೂತಿದ್ದೆ, ಅಷ್ಟೇ."

ಈಗ ಪ್ರತಿ ಭಾನುವಾರ ಕೋಟಿನ ಗುಂಡಿ ಹಾಕಿಕೊಂಡು ಎದುರುಮನೆಗೆ ಹೋಗುತ್ತಾರೆ. ಬಾಗಿಲು ತೆರೆದೇ ಇದ್ದರೂ ಹೊರಗೆ ನಿಂತು, "ಸ್ವಲ್ಪ ಊರು ನೋಡ್ಬಹುದೇನಮ್ಮಾ?" ಎಂದು ಕೇಳುತ್ತಾರೆ, ಹೆಂಡತಿ ಕಟ್ಟಿದ ಊರಿಗೆ ಅತಿಥಿಯಾಗಿ.

ಕಾವಲುಗಾರನಿಗೆ ಅಂಜಿ ನೆಟ್ಟಗಿರುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ನನ್ನನ್ನೂ ಸೇರಿಸಿ. ಕಾವಲೇ ಇಲ್ಲದ ಕಡೆ, ತನಗೆ ಅತ್ಯಂತ ಪ್ರಿಯವಾದುದರ ಎದುರಿನಲ್ಲಿಯೂ ನೆಟ್ಟಗೆ ನಿಲ್ಲುವವರು ವಿರಳ. ಅಂಥವರನ್ನು ಜನ ಪೆದ್ದರೆನ್ನುತ್ತಾರೆ; ನಾನು ಎದೆಯುಬ್ಬಿಸಿ ನಮ್ಮ ಮಾವ ಎನ್ನುತ್ತೇನೆ.