ಇಪ್ಪತ್ತು ಟಿಕ್ಕಿನ ತಿರುಪು

ಅಮೀರ್ ಅಲಿಯವರ ಗಡಿಯಾರ ರಿಪೇರಿ ಅಂಗಡಿ ಮುಚ್ಚಿದ್ದು ನನ್ನ ಬಾಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನನಗೆ ಅನುಕೂಲವಾಗುವಂತೆ ಕಥೆ ತಿರುಚಿಬಿಟ್ಟೇನು.

೧೯೬೮ರಲ್ಲಿ ನಾನು ಶಹಾಬಾದಿನ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಒಂದು ಗಣಿಯಲ್ಲಿ ಮೇಲ್ವಿಚಾರಕನಾಗಿದ್ದೆ. ಜೊತೆಗೆ ನಮ್ಮ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ. ಕ್ಲಬ್ಬು ಎಂದರೆ ಹನ್ನೊಂದು ಜನ, ಒಂದು ಹಳೆಯ ಫೌಜಿ ರೈಫಲ್ಲು, ಒಂದು ಪಾಳುಬಿದ್ದ ಗಣಿ. ರೈಫಲ್ಲಿನ ಮೇಲೊಂದು ದುರ್ಬೀನು, ದುರ್ಬೀನಿನ ನೆತ್ತಿಯ ಮೇಲೊಂದು ತಿರುಪು. ದೂರ ಹೆಚ್ಚಾದಷ್ಟೂ ಗುಂಡು ಕೆಳಗಿಳಿಯುತ್ತದಲ್ಲ, ಅದಕ್ಕೆ ತಕ್ಕಂತೆ ತಿರುಪನ್ನು ತಿರುವಿ ಗುರಿ ಸರಿಮಾಡಿಕೊಳ್ಳಬೇಕು. ನಮ್ಮ ತಿರುಪು ಸವೆದುಹೋಗಿತ್ತು. ಒಂದು ಗುಂಡು ಹಾರಿದರೆ ಸಾಕು, ತಾನಾಗಿ ಸರಿದುಬಿಡುತ್ತಿತ್ತು.

ಅಮೀರ್ ಅಲಿ ಪ್ರಾಯದಲ್ಲಿ ಹೈದರಾಬಾದಿನ ಒಂದು ಫೌಜಿ ಕಾರ್ಖಾನೆಯಲ್ಲಿ ಇಂಥ ದುರ್ಬೀನುಗಳನ್ನೇ ರಿಪೇರಿ ಮಾಡುತ್ತಿದ್ದವರು. ಆಮೇಲೆ ನಮ್ಮೂರಿನ ಸ್ಟೇಶನ್ ರಸ್ತೆಯಲ್ಲಿ ಗಡಿಯಾರದ ಅಂಗಡಿ ಇಟ್ಟರು. ಆ ವರ್ಷ ಊರಲ್ಲೊಂದು ಗುಸುಗುಸು ಎದ್ದಿತ್ತು: ಅಲಿ ಸಾಹೇಬರ ಕಣ್ಣು ಮಂಜಾಗಿದೆಯಂತೆ. ಗಡಿಯಾರ ರಿಪೇರಿ ಮಾಡುವವರಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಅರ್ಧ ಗಿರಾಕಿಗಳು ಆಗಲೇ ಪಕ್ಕದೂರು ವಾಡಿಯ ಅಂಗಡಿಗೆ ಹೋಗತೊಡಗಿದ್ದರು.

ಅವರೇ ಒಂದು ದಿನ ನನ್ನನ್ನು ಕರೆದು ಕೂರಿಸಿಕೊಂಡರು. “ಶಿವರಾಯರ, ಆ ತಿರುಪು ನಾ ಮಾಡಿಕೊಡ್ತೀನಿ. ಹನ್ನೊಂದು ಮಂದಿ ಮುಂದ ಅದು ಸರಿ ಬಂತಂದ್ರ ನನ್ನ ಅಂಗಡಿ ಉಳೀತದ.”

ಹಳೆಯ ಪಂಪಿನ ಹಿತ್ತಾಳೆ ತುಂಡು, ಅಲಾರಾಂ ಗಡಿಯಾರದ ಸ್ಪ್ರಿಂಗು. ಅಷ್ಟರಲ್ಲೇ ಮಾಡಿದರು. ತಿರುವಿದರೆ ಒಂದೊಂದು ಹಲ್ಲೂ ಟಿಕ್ ಎಂದು ಬೆರಳಿಗೆ ಬಡಿಯುತ್ತಿತ್ತು. ಪ್ರತಿ ಐದನೆಯ ಹಲ್ಲು ಉಳಿದವಕ್ಕಿಂತ ಆಳ. ನೂರು ಗಜದಲ್ಲಿ ನೇರ ಮಾಡಿಕೊಂಡು, ಮುನ್ನೂರು ಗಜಕ್ಕೆ ಇಪ್ಪತ್ತು ಟಿಕ್ಕು ಏರಿಸಬೇಕು ಎಂದರು. ತಿರುಪಿನ ಮೇಲೆ ಒಂದು ಅಂಕಿಯನ್ನೂ ಕೊರೆದಿರಲಿಲ್ಲ.

“ನೋಡೂದ ಬ್ಯಾಡ್ರಿ. ಬೆರಳ ಎಣಸ್ತದ,” ಎಂದರು. ಭಲೇ ಬುದ್ಧಿವಂತಿಕೆ ಎಂದುಕೊಂಡೆ. ಅದಕ್ಕಿಂತ ಮುಂದೆ ನನ್ನ ತಲೆ ಓಡಲಿಲ್ಲ.

ಪರೀಕ್ಷೆಗೆ ಮುನ್ನೂರು ಗಜ ಅಳೆದವನು ನಾನೇ. ಟೇಪು ಹಿಡಿಯಲಿಲ್ಲ. ಮುನ್ನೂರು ಗಜ ಎಂದರೆ ಒಂಬೈನೂರು ಫೂಟು. ಎರಡು ಫೂಟಿನ ಫರ್ಸಿ ನಾಲ್ಕುನೂರಾ ಐವತ್ತನ್ನು ಒಂದಕ್ಕೊಂದು ತಾಗಿಸಿ ಹಾಸಿಸಿದೆ. ಅಳತೆಯೂ ಆಯಿತು, ಓಡಾಡಲು ದಾರಿಯೂ ಆಯಿತು ಎಂದು ಬೀಗಿದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿದರು. ಫೌಜಿನಿಂದ ನಿವೃತ್ತನಾಗಿ ಬಂದಿದ್ದ ಸೂರ್ಯಕಾಂತ ರೈಫಲ್ಲು ಹಿಡಿದ. ನೂರು ಗಜದಲ್ಲಿ ಗುಂಡು ನಡುಮಧ್ಯಕ್ಕೆ ಬಿತ್ತು. ಮುನ್ನೂರಕ್ಕೆ ಹೋಗಿ ಇಪ್ಪತ್ತು ಟಿಕ್ಕು ಏರಿಸಿ ಐದು ಗುಂಡು ಹಾರಿಸಿದ. ಐದೂ ಒಂದು ಮುಷ್ಟಿಯಷ್ಟು ಜಾಗದೊಳಗೇ ಬಿದ್ದಿದ್ದವು. ಆದರೆ ನಡುವಿನ ಕಪ್ಪು ಚುಕ್ಕೆಗಿಂತ ನಾಲ್ಕು ಬೆರಳು ಮೇಲೆ.

“ತಿರುಪು ಗಟ್ಟಿ ಅದರಿ, ಒಂದೀಟೂ ಸರದಿಲ್ಲ,” ಎಂದ ಸೂರ್ಯಕಾಂತ. “ಆದ್ರ ಗುಂಡು ಮ್ಯಾಲ ಹೊಂಟಾವ.”

ನಾನು ಸುಮ್ಮನಿರಬಹುದಿತ್ತು. ಕಾರ್ಯದರ್ಶಿಯಾದವನು ಏನಾದರೂ ಹೇಳಲೇಬೇಕೆಂಬ ಚಪಲ. “ಅಲಿ ಸಾಬ್, ಮಂದಿ ಅಂದದ್ದು ಖರೇನ ಅದ,” ಎಂದೆ, ಎಲ್ಲರಿಗೂ ಕೇಳುವಂತೆ. “ನಿಮಗ ಕಣ್ಣ ಕಾಣ್ಸೂದಿಲ್ಲ.”

ಅವರು ಮುಖ ನನ್ನ ದನಿಯತ್ತ ತಿರುಗಿಸಿದರು. “ಈ ಜಾಗಾ ಯಾರು ಅಳದಾರ್ರಿ?”

“ನಾನೇ, ಈ ಎರಡು ಫೂಟಿನ ಫರ್ಸಿ ಹಾಸಿ. ಇಪ್ಪತ್ತು ವರ್ಷ ಫರ್ಸಿ ಅಳದ ಕೈ ಇದು.”

ಅಮೀರ್ ಅಲಿ ಕೊಡೆ ಊರಿಕೊಂಡು ಫರ್ಸಿ ದಾರಿಯ ಮೇಲೆಯೇ ನಿಧಾನವಾಗಿ ನಡೆದುಹೋದರು.

ಮೂರು ದಿನದ ಮೇಲೆ ಆ ದಾರಿಯಲ್ಲೊಂದು ಫರ್ಸಿ ಒಡೆದಿತ್ತು. ನಮ್ಮ ಗಣಿಯಲ್ಲಿ ಕಲ್ಲಿನ ಅಂಚು ಹೊಡೆಯುವ ಲಾಲಮ್ಮನಿಗೆ, ಎರಡು ಫೂಟಿನದೊಂದು ತಂದು ಹಾಕು ಎಂದೆ.

“ಇಪ್ಪತ್ತೆರಡು ಇಂಚಿಂದಲ್ರಿ?” ಎಂದು ಕೇಳಿದಳು.

“ಎರಡು ಫೂಟು ಅಂದೆನಲ್ಲ.”

“ಅದೇ ಅಲ್ಲೇನ್ರಿ ಎರಡು ಫೂಟು? ಎರಡೂ ಬಾಜು ಒಂದೊಂದು ಇಂಚು ಅಂಚಿಗೆ ಹೋಗ್ತದ. ನೀವ ಕಲಿಸಿದ್ರಿ.”

ಹೌದು, ನಾನೇ ಕಲಿಸಿದ್ದೆ. ನಮ್ಮ ಗಣಿಯಲ್ಲಿ ಅದೇ ರೂಢಿ. ಇಪ್ಪತ್ತು ವರ್ಷ ಇಪ್ಪತ್ತೆರಡು ಇಂಚಿಗೆ ಎರಡು ಫೂಟು ಎಂದು ಕೂಗಿ ಕೂಗಿ, ಉಳಿದ ಎರಡು ಇಂಚು ಎಲ್ಲಿ ಹೋಯಿತೆಂಬುದೇ ನನಗೆ ಮರೆತುಹೋಗಿತ್ತು. ಟೇಪು ತರಿಸಿ ಅಳೆದೆ. ನನ್ನ ಮುನ್ನೂರು ಗಜ ಇನ್ನೂರಾ ಎಪ್ಪತ್ತೈದಕ್ಕೇ ಮುಗಿದಿತ್ತು.

ಮುಂದಿನ ಭಾನುವಾರ ಸೂರ್ಯಕಾಂತನನ್ನು ಇಪ್ಪತ್ತೈದು ಗಜ ಹಿಂದಕ್ಕೆ ಕೂರಿಸಿದೆ. ಇಪ್ಪತ್ತು ಟಿಕ್ಕು, ಐದು ಗುಂಡು, ಐದೂ ಕಪ್ಪಿನೊಳಗೆ. ತಪ್ಪು ನನ್ನದೆಂದು ಎಲ್ಲರಿಗೂ ಹೇಳಿದೆ. ತಿರುಪು ಭಾಳ ಚಲೋ ಅದ ಎಂದು ತಲೆಯಾಡಿಸಿದರು. ಹಾಗೆ ತಲೆಯಾಡಿಸುತ್ತಲೇ ಒಬ್ಬ, “ಆದ್ರ ಪಾಪ, ಕಣ್ಣು ಹೋಗ್ಯಾವಂತಲ್ಲ” ಎಂದ. ನನ್ನ ಮೊದಲಿನ ಮಾತು ಅಷ್ಟರಲ್ಲಿ ಊರೆಲ್ಲ ತಿರುಗಿ ಬಂದಿತ್ತು.

ಅಂಗಡಿಗೆ ಓಡಿದೆ. ಅಮೀರ್ ಅಲಿ ಖಾನೆಗಳನ್ನೆಲ್ಲ ಎಳೆದು ಗಡಿಯಾರಗಳನ್ನು ಹಲಗೆಯ ಮೇಲೆ ಹರವಿಕೊಂಡಿದ್ದರು.

“ಅಲಿ ಸಾಬ್, ನಿಮ್ಮ ತಿರುಪು ಸರಿ ಅದ. ನನ್ನ ಅಳತಿ ತಪ್ಪು.”

“ಗೊತ್ತದರಿ. ನಡಕೋತ ಹೋಗುವಾಗ ಫರ್ಸಿ ಕೊಡೀಲೆ ಅಳದೆ. ಎರಡು ಇಂಚು ಕಮ್ಮಿ ಬಂತು.”

“ಮತ್ತ ಅಲ್ಲೇ ಯಾಕ ಹೇಳಲಿಲ್ಲ?”

“ಅಳತಿ ತಪ್ಪು ಅಂತ ಹೇಳಬಹುದಿತ್ತು. ಕಣ್ಣಿನ ಮಾತು ಸುಳ್ಳು ಅಂತ ಹ್ಯಾಂಗ ಹೇಳ್ಲಿ?” ಎಂದರು. “ಕಣ್ಣು ಹೋಗಿ ಎರಡು ವರ್ಷ ಆತು. ಕೆಲಸ ಎಲ್ಲಾ ಬೆರಳಿಂದ. ಒಂದು ಗಡಿಯಾರನೂ ಕೆಟ್ಟಿಲ್ಲ, ಯಾರಿಗೂ ಪಕ್ಕಾ ತಿಳಿದಿರಲಿಲ್ಲ. ಈಗ ಎಲ್ಲಾರೂ ವಾಪಸ್ ಕೇಳಲಾಕತ್ತಾರ. ಬಂದೀರಿ, ಕುಂದ್ರಿ. ಚೀಟಿ ಓದ್ರಿ.”

ಕೂತೆ. ಒಂದೊಂದೇ ಗಡಿಯಾರ ಎತ್ತಿ, ಅದಕ್ಕೆ ಕಟ್ಟಿದ ಚೀಟಿಯ ಹೆಸರು ಓದಿದೆ. ಅವರು ಪ್ರತಿಯೊಂದನ್ನೂ ಕಿವಿಗಿಟ್ಟು ಕೇಳಿ, ಕಾಗದದಲ್ಲಿ ಸುತ್ತಿ, ಬಾಗಿಲಲ್ಲಿ ಕಾದವರಿಗೆ ಕೊಟ್ಟರು. ಕೊನೆಯ ಚೀಟಿ ನನ್ನದೇ. ಹೋದ ತಿಂಗಳು ನಾನೇ ರಿಪೇರಿಗೆ ಕೊಟ್ಟು ಮರೆತಿದ್ದೆ.

“ಇದು ನಂದು. ಇನ್ನಾ ರಿಪೇರಿ ಆಗಿಲ್ಲ ಕಾಣ್ತದ, ಇಲ್ಲೇ ಇರ್ಲಿ,” ಎಂದೆ.

ಅಮೀರ್ ಅಲಿ ಕೈ ಚಾಚಿ ತೆಗೆದುಕೊಂಡು ಕಿವಿಗಿಟ್ಟುಕೊಂಡರು.

“ನಡೀಲಾಕತ್ತದ,” ಎಂದರು. “ಒಯ್ರಿ.”