ಶೇಷಾದ್ರಿಗಳು ಸೇರಿಸಿದ ಎರಡು ಸಾಲು

ಮೈಸೂರಿನಿಂದ ತಂದೆ ಶೇಷಾದ್ರಿಗಳು ಬರೆದ ನೀಲಿ ಏರೋಗ್ರಾಮನ್ನು ಕೌಸಲ್ಯಾ ಅಡುಗೆಮನೆಯಲ್ಲಿ ನಿಂತೇ ಓದಿದಳು. ಅವರ ಬಿ.ಪಿ., ತಂಗಿಯ ಮಗುವಿನ ನಾಮಕರಣ, ರೇಷನ್ ಅಕ್ಕಿಯ ಕಲ್ಲು, ಎಲ್ಲ ಎಂದಿನಂತೆಯೇ ಇತ್ತು. ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ ಬರೆದ ಮಾತು: "ನಿನ್ನ ಚೀನೀ ಸ್ನೇಹಿತೆಯ ಕಾಗದವನ್ನು ಏಪ್ರಿಲ್ ಹನ್ನೆರಡರಂದು ಪೋಸ್ಟ್ ಮಾಡಿದೆ. ಬರೀ ಅದನ್ನೇ ಕಳಿಸಿದರೆ ಚೆನ್ನಾಗಿರುವುದಿಲ್ಲವೆಂದು ನಾನೂ ಎರಡು ಸಾಲು ಬರೆದು ಒಳಗಿಟ್ಟಿದ್ದೇನೆ."

ಅದು 1968ರ ಮೇ ತಿಂಗಳು. ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಕೌಸಲ್ಯಾಳ ಗಂಡ ಜಯಸಿಂಹ ಅಮೆರಿಕದ ವಾರೆನ್ ಊರಿನ ಕಾರು ಕಂಪನಿಯೊಂದರಲ್ಲಿ ಇಂಜಿನಿಯರ್. ಪಕ್ಕದ ಮನೆಯವಳು ಷು-ಯಿಂಗ್. ಓದಲೆಂದು ಷಾಂಘೈ ಕಡೆಯಿಂದ 1948ರಲ್ಲಿ ಅಮೆರಿಕಕ್ಕೆ ಬಂದವಳು. ಮರುವರ್ಷ ಚೀನಾದಲ್ಲಿ ಕಮ್ಯುನಿಸ್ಟರ ಸರ್ಕಾರ ಬಂದದ್ದರಿಂದ ಇಲ್ಲೇ ಉಳಿದುಬಿಟ್ಟಳು. ತಾಯಿ ಮತ್ತು ತಮ್ಮ ಅಲ್ಲೇ ಇದ್ದರು. ಹಾಂಗ್‌ಕಾಂಗಿನಲ್ಲಿದ್ದ ಚಿಕ್ಕಮ್ಮನ ಮೂಲಕ ಆರು ತಿಂಗಳಿಗೊಂದು ಕಾಗದ ಬರುತ್ತಿತ್ತು. ಚಿಕ್ಕಮ್ಮ ತೀರಿಕೊಂಡರು, ಅದೂ ನಿಂತಿತು. ಅಷ್ಟರಲ್ಲಿ ಚೀನಾದಲ್ಲಿ ಹೊಸ ಗಲಭೆ ಶುರುವಾಗಿತ್ತು. ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡ ವಿದ್ಯಾರ್ಥಿಗಳು ಮನೆಮನೆಗೆ ನುಗ್ಗಿ ಜಾಲಾಡುತ್ತಿದ್ದರು. ವಿದೇಶದಲ್ಲಿ ನೆಂಟರಿದ್ದವರೆಲ್ಲ ಅವರ ಕಣ್ಣಿಗೆ ಗೂಢಚಾರರು. ತಲೆಗೆ ಕಾಗದದ ಟೋಪಿ ಇಟ್ಟು ಅವರನ್ನು ಬೀದಿಯಲ್ಲಿ ಮೆರೆಸುತ್ತಿದ್ದರು. ಷು-ಯಿಂಗಳ ತಂದೆ ಒಂದು ಕಾಲಕ್ಕೆ ಬಟ್ಟೆ ಮಿಲ್ಲು ಇಟ್ಟಿದ್ದವರು. ಆ ಮಿಲ್ಲಿನವರ ವಿಧವೆಯನ್ನು ಅವರು ಸುಮ್ಮನೆ ಬಿಟ್ಟಿರುತ್ತಾರೆಯೇ ಎಂಬುದೇ ಷು-ಯಿಂಗಳ ಹಗಲಿರುಳಿನ ಚಿಂತೆ.

"ಅಮೆರಿಕದ ಸ್ಟಾಂಪ್ ಇಲ್ಲದೆ ಒಂದು ಕಾಗದ ತಲುಪಿಸೋಕೆ ಆಗಿದ್ರೆ..." ಎಂದು ಅವಳು ಒಂದು ದಿನ ಇಂಗ್ಲಿಷಿನಲ್ಲಿ ಪೇಚಾಡಿಕೊಂಡಾಗ ಕೌಸಲ್ಯಾಳೇ ಮುಂದೆ ಬಿದ್ದಳು. "ಅದಕ್ಯಾಕೆ ಯೋಚನೆ? ನಮ್ಮಪ್ಪ ಮೈಸೂರಿಂದ ಪೋಸ್ಟ್ ಮಾಡ್ತಾರೆ."

ಜಯಸಿಂಹ ಬೇಡವೆಂದ. "ಸಿಕ್ಸ್ಟಿಟೂನಲ್ಲಿ ಯುದ್ಧ ಆಗಿದೆ ಕಣೇ. ಇಂಡಿಯಾದ ಕಾಗದ ಅಂದ್ರೆ ಅವರಿಗೇನು ಪ್ರೀತಿ ಉಕ್ಕಿ ಬರುತ್ತಾ?" ಆದರೆ ಷು-ಯಿಂಗ್‌ಗೆ ಅದೇ ಸರಿಯೆನಿಸಿತು. ಮಿಲ್ಲಿಗೆ ಹಿಂದೆ ಬೊಂಬಾಯಿಯಿಂದ ಹತ್ತಿ ಬರುತ್ತಿತ್ತು. ಹಳೆಯ ವ್ಯಾಪಾರದ ಪರಿಚಯವೆಂದಾದರೂ ಹೇಳಿಕೊಳ್ಳಬಹುದು. ಮೂರು ದಿನ ಕೂತು ಚೀನೀ ಭಾಷೆಯಲ್ಲಿ ಒಂಬತ್ತು ಸಾಲು ಬರೆದಳು. ದೂರದ ಸೋದರ ಸೊಸೆಯೊಬ್ಬಳು ಅತ್ತೆಯ ಆರೋಗ್ಯ ವಿಚಾರಿಸಿದಂತೆ ಬರೆದಳು. ತನ್ನ ಹೆಸರಿಲ್ಲ, ಅಮೆರಿಕ ಎಂಬ ಶಬ್ದವಿಲ್ಲ. ಮೂರನೆಯ ಮಗು ಹುಟ್ಟಿದ್ದನ್ನು ಕೂಡ, ಹಿತ್ತಲ ಮರ ಈ ಸಲ ಮೂರನೆಯ ಹಣ್ಣು ಬಿಟ್ಟಿತು ಎಂದಷ್ಟೇ ಸೂಚಿಸಿದ್ದಳು.

ಇಷ್ಟೆಲ್ಲ ಎಚ್ಚರಿಕೆ ಶೇಷಾದ್ರಿಗಳಿಗೆ ಹೇಗೆ ಗೊತ್ತಾಗಬೇಕು? ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮನುಷ್ಯ. ಇನ್ನೊಬ್ಬರ ಕಾಗದಕ್ಕೆ ತಾವೂ ಎರಡು ಮಾತು ಸೇರಿಸದೆ ಲಕೋಟೆ ಅಂಟಿಸುವುದು ಆ ಮನೆಯಲ್ಲಿ ಅಗೌರವ. ಮದುವೆಯ ಕರೆಯೋಲೆಯಿರಲಿ, ಬಾಡಿಗೆದಾರನ ಅರ್ಜಿಯಿರಲಿ, ಶೇಷಾದ್ರಿಗಳ ಕುಶಲಪ್ರಶ್ನೆ ಅದರ ಜೊತೆಗಿರಲೇಬೇಕು. ಇದೆಲ್ಲ ಗೊತ್ತಿದ್ದ ಮಗಳು "ನೀವೇನೂ ಬರೆಯಬೇಡಿ" ಎಂದು ಒಂದು ಮಾತು ಹೇಳಬಹುದಿತ್ತು. ಹೇಳಿರಲಿಲ್ಲ. ನೆನಪೇ ಆಗಿರಲಿಲ್ಲ.

ಏನು ಬರೆದಿರಿ ಎಂದು ಅವಳು ಕೇಳಿ ಬರೆದದ್ದಕ್ಕೆ ಮೂರು ವಾರದಲ್ಲಿ ನಕಲೇ ಬಂತು. ಬರೆದ ಕಾಗದಕ್ಕೆಲ್ಲ ನಕಲು ಇಟ್ಟುಕೊಳ್ಳುವ ಪೈಕಿ ಅವರು. ಮುತ್ತಿನಂಥ ಇಂಗ್ಲಿಷ್ ಅಕ್ಷರ.

"ಪೂಜ್ಯ ತಾಯಿಯವರಿಗೆ. ನಿಮ್ಮ ಮಗಳು ಅಮೆರಿಕದಲ್ಲಿ ನನ್ನ ಮಗಳ ಪಕ್ಕದ ಮನೆಯಲ್ಲಿದ್ದಾಳೆ. ಆರೋಗ್ಯವಾಗಿದ್ದಾಳೆ. ಮೂರನೆಯದು ಹೆಣ್ಣುಮಗು. ಸ್ವಂತ ಮನೆ ಕೊಂಡಿದ್ದಾರೆ. ಹೆಣ್ಣುಮಕ್ಕಳನ್ನು ದೂರ ಕಳಿಸಿದವರ ಸಂಕಟ ನನಗೂ ಗೊತ್ತು, ಅದಕ್ಕೇ ಬರೆದೆ. ಯೋಚನೆ ಮಾಡಬೇಡಿ." ಕೆಳಗೆ ಅವರ ಹೆಸರು, ಡಿಗ್ರಿ, ವಿಳಾಸ. ಅದರ ಕೆಳಗೆ, ಉತ್ತರ ಬರೆಯಲು ಅನುಕೂಲವಾಗಲೆಂದು, ಮಗಳ ವಾರೆನ್ ವಿಳಾಸ.

ಕೌಸಲ್ಯಾ ಅದನ್ನು ಗಂಡನ ಮುಂದೆ ಹಿಡಿದಳು. ಓದಿ ಅವನ ಮುಖವೂ ಕಪ್ಪಿಟ್ಟಿತು.

"ಅವಳಿಗೆ ಹೇಳಿಬಿಡಲಾ, ರೀ?"

"ಹೇಳಿ ಏನು ಸಾಧಿಸ್ತೀಯ? ಹೋಗಿರೋ ಕಾಗದ ವಾಪಸ್ ಬರುತ್ತಾ? ಗ್ರೀನ್ ಕಾರ್ಡಿಗೆ ಬೇರೆ ಅಪ್ಲೈ ಮಾಡಿದೀನಿ. ಚೀನಾಕ್ಕೆ ನಮ್ಮ ಅಡ್ರೆಸ್ ಹೋಗಿದೆ ಅಂತ ಗೊತ್ತಾದ್ರೆ ಇಲ್ಲಿಯವರು ಬಿಡ್ತಾರಾ? ಸುಮ್ನಿರು ಮಾರಾಯ್ತಿ."

ಆಗಸ್ಟಿನಲ್ಲಿ ಇನ್ನೊಂದು ಕಾಗದ. ಮೈಸೂರಿನ ಮನೆಗೆ ಪೊಲೀಸ್ ಇಲಾಖೆಯ ಇಬ್ಬರು ಮಫ್ತಿಯಲ್ಲಿ ಬಂದಿದ್ದರಂತೆ. ಚೀನಾದ ಜೊತೆ ನಿಮಗೇನು ವ್ಯವಹಾರ ಎಂದು ಕೇಳಿದರಂತೆ. "ಒಬ್ಬ ತಾಯಿಗೆ ಕುಶಲ ಬರೆದೆ, ಅದೂ ಅಪರಾಧವೇ ಎಂದು ಕೇಳಿದೆ. ಕಾಫಿ ಕುಡಿದು ಹೋದರು" ಎಂದು ಶೇಷಾದ್ರಿಗಳು ಗೆದ್ದವರಂತೆ ಬರೆದಿದ್ದರು. ಕೌಸಲ್ಯಾ ಆ ಸಾಲನ್ನು ಮತ್ತೆ ಓದಿದಳು. ಮೈಸೂರಿನಲ್ಲಿ ಕಾಫಿ ಕುಡಿದು ಎದ್ದುಹೋದರು. ಚೀನಾದಲ್ಲಿ ಬಂದವರು ಏನು ಕುಡಿದು ಏನು ಮಾಡಿ ಹೋಗಿರಬಹುದು?

ಟಪಾಲಿನವನು ಹನ್ನೊಂದಕ್ಕೆ ಬರುತ್ತಿದ್ದ. ಅವನ ವ್ಯಾನು ಮೂಲೆ ತಿರುಗುವ ಮೊದಲೇ ಷು-ಯಿಂಗ್ ಹೊರಗೆ ಬಂದು ನಿಂತಿರುತ್ತಿದ್ದಳು. ಕೌಸಲ್ಯಾ ತನ್ನ ಕಿಟಕಿಯಿಂದ ನೋಡುತ್ತಿದ್ದಳು. ಷು-ಯಿಂಗ್ ಪೆಟ್ಟಿಗೆ ತೆರೆದು, ಬಿಲ್ಲು ಜಾಹೀರಾತುಗಳನ್ನೆಲ್ಲ ಒಂದೊಂದಾಗಿ ತಿರುವಿ, ಪೆಟ್ಟಿಗೆಯೊಳಗೆ ಇನ್ನೊಮ್ಮೆ ಕೈಯಾಡಿಸಿ ಒಳಗೆ ಹೋಗುತ್ತಿದ್ದಳು. ಒಂದು ವರ್ಷವಲ್ಲ, ಎರಡಲ್ಲ, ನಾಲ್ಕು ವರ್ಷ. ಕೌಸಲ್ಯಾ ಅವಳ ಮಕ್ಕಳಿಗೆ ಚಿತ್ರಾನ್ನ, ಚಕ್ಕುಲಿ ಹೊತ್ತುಕೊಂಡು ಹೋಗಿದ್ದೇ ಹೋಗಿದ್ದು. ಷು-ಯಿಂಗ್ ಕೈ ಹಿಡಿದು, "ನೀನು ಮಾಡಿದ ಉಪಕಾರ ಮರೆಯೋದಿಲ್ಲ. ನಿನ್ನ ತಂದೆಗೂ ಹೇಳು" ಎಂದಾಗಲೆಲ್ಲ ಇವಳಿಗೆ ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೇ ದಿನ ಕಳೆದವು. ಗ್ರೀನ್ ಕಾರ್ಡು ಬಂತು, ಹೇಳದಿರಲು ಆ ನೆಪವೂ ಉಳಿಯಲಿಲ್ಲ. ಆದರೂ ಹೇಳಲಿಲ್ಲ. ಹೇಡಿತನಕ್ಕೆ ನೆಪ ಒಂದೇ ಇರುವುದಿಲ್ಲವಲ್ಲ.

1972ರಲ್ಲಿ ಅಮೆರಿಕದ ಅಧ್ಯಕ್ಷರು ಪೀಕಿಂಗಿಗೆ ಹೋದರು. ಟೀವಿಯಲ್ಲಿ ನೀಲಿ ಕೋಟಿನ ಜನ ಕಂಡಾಗಲೆಲ್ಲ ಷು-ಯಿಂಗ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಮುಖಗಳನ್ನು ಹುಡುಕಿದಳು. ಧೈರ್ಯ ಮಾಡಿ ತಮ್ಮನಿಗೆ ನೇರವಾಗಿ ಬರೆದಳು. ಜೂನ್ ತಿಂಗಳ ಒಂದು ಬೆಳಿಗ್ಗೆ ಮನೆಯ ಚಪ್ಪಲಿಯಲ್ಲೇ ಹುಲ್ಲು ದಾಟಿ ಬಂದು ಕೌಸಲ್ಯಾಳ ಅಡುಗೆಮನೆಯಲ್ಲಿ ಕುಳಿತಳು. ಕೈಯಲ್ಲಿ ಚೀನಾದ ಸ್ಟಾಂಪಿನ ಲಕೋಟೆಯಿತ್ತು.

ತಮ್ಮ ಬರೆದದ್ದು ನಾಲ್ಕೇ ಸಾಲು. ಅವಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. "ನಾವೆಲ್ಲ ಚೆನ್ನಾಗಿದ್ದೇವೆ. ದೇಶದ ಪರಿಸ್ಥಿತಿ ಅತ್ಯುತ್ತಮವಾಗಿದೆ. ಅಮ್ಮ 1968ರ ಜೂನ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡರು. ನಿನಗೆ ಬಿಡುವಾದಾಗ ಬಂದು ಹೊಸ ಚೀನಾವನ್ನು ನೋಡು."

ಏಪ್ರಿಲ್ ಹನ್ನೆರಡು. ಜೂನ್. ಕೌಸಲ್ಯಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಾಗದ ಮುಟ್ಟಲು ಒಂದು ತಿಂಗಳು ಹಿಡಿದರೂ ಸಮಯವಿತ್ತು.

"ಏನು ಕಾಯಿಲೆ ಅಂತ ಬರೆದಿಲ್ಲ," ಎಂದಳು ಷು-ಯಿಂಗ್. "ಬರೆಯೋ ಹಾಗಿಲ್ಲ. ನನಗೆ ಯಾವತ್ತೂ ಗೊತ್ತಾಗೋದಿಲ್ಲ."

ಆಗ ಕೌಸಲ್ಯಾಳಿಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟಳು. ತಂದೆಯ ಅಭ್ಯಾಸ, ಲಕೋಟೆಗೆ ಸೇರಿಸಿದ ಸಾಲುಗಳು, ವಿಳಾಸ, ನಾಲ್ಕು ವರ್ಷ ತಾನು ಬಾಯಿ ಮುಚ್ಚಿಕೊಂಡಿದ್ದು, ಎಲ್ಲವನ್ನೂ ಹೇಳಿದಳು. ನಕಲನ್ನು ತೆಗೆಯಬೇಕಾಗಿರಲಿಲ್ಲ, ಅದು ಅವಳಿಗೆ ಬಾಯಿಪಾಠವಾಗಿತ್ತು. ಷು-ಯಿಂಗ್ ಮೇಜಿನ ಮೇಲಿನ ತನ್ನ ಕೈಗಳನ್ನೇ ನೋಡುತ್ತಾ ಕೇಳಿದಳು. ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ಕೌಸಲ್ಯಾಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇಂಗ್ಲಿಷಲ್ಲಿ ಬರೆದಿದ್ರಾ?" ಎಂದು ಕೇಳಿದಳು ಕೊನೆಗೆ.

"ಹೌದು."

"ಅಮ್ಮನಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಕೌಸಲ್ಯಾ."

ನಾಲ್ಕು ವರ್ಷದಲ್ಲಿ ಕೌಸಲ್ಯಾ ಏನೇನೋ ಕಲ್ಪಿಸಿಕೊಂಡಿದ್ದಳು. ಅಂಚೆಯವರು ಲಕೋಟೆ ಒಡೆಯುವುದು, ಬಾಗಿಲು ಬಡಿಯುವುದು, ಟೋಪಿ, ಮೆರವಣಿಗೆ. ಇದು ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ.

"ಮಗಳ ಸುದ್ದಿ ಇರಬಹುದು ಅಂತ ಗೊತ್ತಾದ ಮೇಲೆ ಓದಿಸದೆ ಇರೋಳಲ್ಲ ಅವಳು," ಎಂದಳು ಷು-ಯಿಂಗ್. "ಕೈಯಲ್ಲಿ ಹಿಡಿದುಕೊಂಡು ಹೋಗಿರ್ತಾಳೆ. ಇಂಗ್ಲಿಷ್ ಬರೋರನ್ನ ಹುಡುಕಿಕೊಂಡು, ಮನೆಮನೆಗೆ." ಇಂಗ್ಲಿಷ್ ಬರುತ್ತದೆಂದು ಒಪ್ಪಿಕೊಳ್ಳಲೇ ಜನ ಹೆದರುತ್ತಿದ್ದ ವರ್ಷವದು. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇನ್ನೊಂದು ಸಲ ಹೇಳು. ನಿಧಾನವಾಗಿ. ಅವಳಿಗೆ ಯಾರೋ ಓದಿ ಹೇಳಿದ ಹಾಗೆ."

ಕೌಸಲ್ಯಾ "ಪೂಜ್ಯ ತಾಯಿಯವರಿಗೆ" ಎಂಬಲ್ಲಿಂದ ಶುರುಮಾಡಿದಳು. ಆರೋಗ್ಯ ಹೇಳಿದಳು, ಮೂರನೆಯ ಮಗು ಹೇಳಿದಳು, ಸ್ವಂತ ಮನೆ ಹೇಳಿದಳು. ಷು-ಯಿಂಗ್ ಒಂದೊಂದು ಸಾಲನ್ನೂ ತನ್ನ ಭಾಷೆಯಲ್ಲಿ ಮೆಲ್ಲಗೆ ತಿರುಗಿಸಿ ಹೇಳಿಕೊಂಡಳು. ಮನೆಯ ಮಾತು ಬಂದಾಗ ಅವಳ ಮುಖದಲ್ಲಿ ಒಂದು ಕ್ಷಣ ನಗು ಕಾಣಿಸಿತು. "ಯೋಚನೆ ಮಾಡಬೇಡಿ" ಎಂಬಲ್ಲಿಗೆ ಕೌಸಲ್ಯಾ ನಿಲ್ಲಿಸಿದಳು.

"ಆಮೇಲೆ ಅಡ್ರೆಸ್ ಇತ್ತು ಅಂದೆಯಲ್ಲ," ಎಂದಳು ಷು-ಯಿಂಗ್. "ಅದನ್ನೂ ಹೇಳು."

ತನ್ನ ಮನೆಯ ನಂಬರು, ಬೀದಿಯ ಹೆಸರು, ವಾರೆನ್, ಮಿಷಿಗನ್, ಅಮೆರಿಕ ಎಂದು ಕೌಸಲ್ಯಾ ಒಂದೊಂದಾಗಿ ಹೇಳಿದಳು.