ಕಾರಿನ ಹೊಟ್ಟೆಯಡಿಯ ಗಾಳಿ

ಗಾಳಿ ಕಣ್ಣಿಗೆ ಕಾಣುವುದಿಲ್ಲ ಎನ್ನುವವರನ್ನು ಕಂಡರೆ ನೊಬೊರುವಿಗೆ ಒಳಗೊಳಗೇ ನಗು. ಅನ್ನದ ಪಾತ್ರೆಯ ಹಬೆ, ಸ್ನಾನದ ಮನೆಯ ಕಿಟಕಿಯಿಂದ ತೂರಿಬರುವ ಆವಿ, ಗದ್ದೆಯ ಬದುವಿನಲ್ಲಿ ಒಣಗಿದ ಹುಲ್ಲು, ಎಲ್ಲದರಲ್ಲೂ ಅವನು ಗಾಳಿಯನ್ನೇ ನೋಡುತ್ತ ನಿಂತುಬಿಡುತ್ತಿದ್ದ. ಐವತ್ತೊಂಬತ್ತು ವರ್ಷದ ಗಂಡಸು ಬಟ್ಟೆ ಒಣಹಾಕಿದ ತಂತಿಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತರೆ ನೆರೆಮನೆಯವರು ಏನೆಂದುಕೊಳ್ಳಬೇಕು? ಅಂದುಕೊಳ್ಳುವುದನ್ನೆಲ್ಲ ಅವರು ಎಂದೋ ಅಂದುಕೊಂಡು ಮುಗಿಸಿದ್ದರು.

ತಗಡು ಬಡಿಯುವುದು ಅವನ ಕಸುಬು. ಜೀವ ಮಾತ್ರ ಇದ್ದದ್ದು ಗೆಳೆಯ ಕಿಯೊಹರುವಿನ ಪುಟ್ಟ ಬಿಳಿ ಕಾರಿನಲ್ಲಿ. ಕಿಯೊಹರುವಿಗೆ ಅದೇ ಊರಿನಲ್ಲಿ ಕ್ಷೌರದಂಗಡಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಕಾರು ಓಡಿಸುವವನು ಅವನು, ಗಾಳಿಗೆ ದಾರಿ ಮಾಡಿಕೊಡುವವನು ಇವನು. ಹನ್ನೊಂದು ಚಳಿಗಾಲದಿಂದ ಇಬ್ಬರಿಗೂ ಒಂದೇ ಹುಚ್ಚು: ತ್ಸುಕುಬಾ ರೇಸ್ ಟ್ರ್ಯಾಕಿನ ಒಂದು ಸುತ್ತನ್ನು ಒಂದು ನಿಮಿಷದೊಳಗೆ ಮುಗಿಸಬೇಕು. ಕಳೆದ ವರ್ಷ ಅರವತ್ತು ಸೆಕೆಂಡಿನ ಮೇಲೆ ಒಂದು ಚೂರು ಹೆಚ್ಚಾಗಿತ್ತು. ಕಣ್ಣು ಮಿಟುಕಿಸುವಷ್ಟು. ಅಷ್ಟೇ ಸಾಕಾಯಿತು ನೊಬೊರುವಿನ ನಿದ್ದೆ ಕೆಡಿಸಲು.

ಕಾರಿನ ಹಿಂಬದಿಯ ರೆಕ್ಕೆ ಬದಲಾಯಿಸಿ ಆಗಿತ್ತು. ಮೂತಿಗೆ ಹಲಗೆ ಕಟ್ಟಿ ಆಗಿತ್ತು. ಈ ಸಲ ಅವನು ಕಾರಿನ ಹೊಟ್ಟೆಗೆ ಕೈ ಹಾಕಿದ. ಮೂತಿಯಿಂದ ಬಾಲದವರೆಗೆ ಅಡಿಯನ್ನೆಲ್ಲ ನುಣ್ಣನೆಯ ಅಲ್ಯುಮಿನಿಯಂ ತಗಡಿನಿಂದ ಮುಚ್ಚಿದ. ಕಾರಿನಡಿ ಗಾಳಿ ತಡೆಯಿಲ್ಲದೆ ಓಡಿದರೆ ಕಾರನ್ನು ನೆಲಕ್ಕೆ ಎಳೆದು ಹಿಡಿಯುತ್ತದೆ, ತಿರುವಿನಲ್ಲಿ ಟೈರು ಜಾರುವುದಿಲ್ಲ. ಆದರೆ ತಗಡಿನ ಎರಡೂ ಅಂಚು ನೆಲಕ್ಕೆ ಹತ್ತಿರವಿರಬೇಕು. ಅಂಚು ಎದ್ದರೆ ಪಕ್ಕದ ಗಾಳಿ ಒಳನುಗ್ಗಿ ಎಲ್ಲ ಹಾಳು. ಕಾರಿನ ಸ್ಪ್ರಿಂಗು ಮೆತ್ತಗೆ, ಒಬ್ಬ ಮನುಷ್ಯ ಕೂತರೆ ಎದ್ದರೆ ಅಂಚು ಕದಲುತ್ತಿತ್ತು. ಅದಕ್ಕೇ ಡ್ರೈವರ್ ಸೀಟಿನ ಮೇಲೆ ಅಕ್ಕಿ ಚೀಲಗಳನ್ನು ಪೇರಿಸಿದ. ಹತ್ತು ಕಿಲೋದವು ಆರು, ಐದರದ್ದೊಂದು, ಎರಡರದ್ದೊಂದು. ಕಿಯೊಹರುವಿನ ತೂಕ ಅರವತ್ತೇಳು, ಅದು ಅವನಿಗೆ ಬಾಯಿಪಾಠ. ಎತ್ತರ ಹೊಂದಿಸುವ ಸ್ಪ್ರಿಂಗಿನ ಬಳೆ ತಿರುಗಿಸಿ ಎರಡೂ ಅಂಚನ್ನು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲದಂತೆ ತಂದ. ಆಮೇಲೆ ಕಾರಿನಡಿಯೇ ಮಲಗಿ ಒಂದು ಜೊಂಪು ಹತ್ತಿ, ತನ್ನ ಮೈಮೇಲಿಂದ ಗಾಳಿಯ ನದಿ ಸದ್ದಿಲ್ಲದೆ ಹರಿದುಹೋಗುವ ಕನಸು ಕಂಡ. ಎದ್ದಾಗ ಕಣ್ಣಲ್ಲಿ ನೀರಿತ್ತು, ಯಾಕೆಂದು ಅವನಿಗೇ ಗೊತ್ತಾಗಲಿಲ್ಲ.

ಜನವರಿಯ ಒಂದು ಸೋಮವಾರ, ಕ್ಷೌರದಂಗಡಿಗೆ ವಾರದ ರಜೆ. ಬೆಳಗಿನ ಚಳಿ ಮೂಗು ಕೊಯ್ಯುವಂತಿತ್ತು. ಚಳಿಯಲ್ಲಿ ಗಾಳಿ ದಟ್ಟವಾಗುತ್ತದೆ, ಹಿಡಿತ ಕೊಡುತ್ತದೆ. ಟ್ರ್ಯಾಕಿನವರಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಬೇರಿಲ್ಲ. ನೊಬೊರು ಕಾರಿನ ಎರಡೂ ಪಕ್ಕ, ತಗಡಿನಂಚಿನ ಮೇಲೆ ಬೆರಳುದ್ದದ ಕೆಂಪು ಉಣ್ಣೆ ದಾರಗಳನ್ನು ಸಾಲಾಗಿ ಅಂಟಿಸಿ, ಅವನ್ನು ನೋಡುವಂತೆ ಪುಟ್ಟ ಕ್ಯಾಮೆರಾಗಳನ್ನು ಸಿಕ್ಕಿಸಿದ. ಗಾಳಿ ನೆಟ್ಟಗೆ ಹರಿದರೆ ದಾರ ನೆಟ್ಟಗೆ ಮಲಗುತ್ತದೆ, ಕೆಟ್ಟರೆ ಒದ್ದಾಡುತ್ತದೆ.

ಮೊದಲ ಸರದಿ ಮುಗಿಯಿತು. ಕಳೆದ ವರ್ಷಕ್ಕಿಂತ ಹಿಂದೆ ಬಿದ್ದಿದ್ದರು.

"ಏನೋ, ನಿನ್ನ ಗಾಳಿ ಇವತ್ತು ರಜೆ ಹಾಕಿದ್ಯಾ?" ಹೆಲ್ಮೆಟ್ ತೆಗೆಯುತ್ತ ಕಿಯೊಹರು ಕೇಳಿದ.

"ಗಾಳಿ ಬಂದಿತ್ತು. ಓಡಿಸೋನು ನಿದ್ದೆ ಮಾಡ್ತಿದ್ದ ಅನ್ಸುತ್ತೆ."

"ನಿದ್ದೆ ಎಲ್ಲಿ ಬಂತು ಮಾರಾಯ! ಕೊನೇ ತಿರುವಲ್ಲಿ ಕಾರು ನೆಲ ಕಚ್ಚಲೇ ಇಲ್ಲ. ಪ್ರಾಣ ಕೈಯಲ್ಲಿ ಹಿಡ್ಕೊಂಡು ಬಂದೆ."

ನೊಬೊರು ವಿಡಿಯೊ ನೋಡಿದ. ಎಡಗಡೆಯ ದಾರಗಳು ನಿದ್ದೆ ಹೋದ ಮಕ್ಕಳಂತೆ ಸಾಲಾಗಿ ಮಲಗಿದ್ದವು. ಬಲಗಡೆ, ಡ್ರೈವರ್ ಕೂರುವ ಕಡೆ, ಒಂದೂ ನೆಟ್ಟಗಿಲ್ಲ. ಕಿಯೊಹರುವನ್ನು ಸೀಟಿನಲ್ಲೇ ಕೂರಿಸಿ, ನೆಲಕ್ಕೆ ಮಲಗಿ ಅಂಚಿಗೆ ಅಳತೆಪಟ್ಟಿ ಹಿಡಿದ. ಬಲಗಡೆ ಮೂರು ಮಿಲಿಮೀಟರ್ ಮೇಲೆದ್ದಿತ್ತು.

ತಗಡು ಸೊಟ್ಟಗಾಗಿರಲಿಲ್ಲ. ಟೈರಿನ ಗಾಳಿ ಸರಿಯಿತ್ತು. ಸ್ಪ್ರಿಂಗಿನ ಬಳೆಯ ಮೇಲೆ ಅವನೇ ಎಳೆದ ಬಿಳಿ ಗೆರೆ ಇದ್ದಲ್ಲೇ ಇತ್ತು. ಅಕ್ಕಿ ಕೂತಾಗ ಸರಿಯಿದ್ದದ್ದು ಮನುಷ್ಯ ಕೂತಾಗ ಹೇಗೆ ಎದ್ದಿತು? ಅವನು ಎದ್ದು, ಕುಡಿಯಲು ತಂದಿದ್ದ ನೀರಿನ ಪೆಟ್ಟಿಗೆ ಬಿಚ್ಚಿದ. ಎರಡು ಲೀಟರಿನ ಬಾಟಲಿಗಳು, ಆರು. ಒಂದನ್ನು ಕಿಯೊಹರುವಿನ ತೊಡೆಯ ಮೇಲಿಟ್ಟ.

"ಇದೇನೋ? ನಾನೇನು ಗಿಡಾನಾ, ನೀರು ಹಾಕೋಕೆ?"

"ಸುಮ್ನೆ ಕೂತ್ಕೊ."

ಮಲಗಿ ಅಳೆದ. ಎದ್ದು ಇನ್ನೊಂದು ಇಟ್ಟ. ಮತ್ತೆ ಅಳೆದ. ಮೂರನೆಯದಕ್ಕೂ ಕಿಯೊಹರು ಏನೋ ತಮಾಷೆ ಮಾಡಿದ. ನಾಲ್ಕನೆಯದು ಬಂದಾಗ ಮುಖ ಆಚೆ ತಿರುಗಿಸಿದ. ಐದಾಯಿತು, ಆರಾಯಿತು. ಅಂಚು ಇಳಿಯುತ್ತಿತ್ತು, ಇನ್ನೂ ಚೂರು ಬಾಕಿ. ನೊಬೊರು ಪಕ್ಕದ ಪಿಟ್‌ನಲ್ಲಿ ಕಾರು ನಿಲ್ಲಿಸಿಕೊಂಡಿದ್ದವರನ್ನು ಕೇಳಿ ಅಷ್ಟೇ ದೊಡ್ಡದೊಂದು ಚಹಾದ ಬಾಟಲಿ ತಂದು, ಎಲ್ಲದರ ಮೇಲೆ ಅಡ್ಡಲಾಗಿ ಇಟ್ಟ.

ಎರಡೂ ಅಂಚು ಸಮ ಬಂದವು. ಏಳು ಬಾಟಲಿ, ಹದಿನಾಲ್ಕು ಕಿಲೋ.

ಅಷ್ಟು ಚೆಂದದ ಗೆರೆಯನ್ನು ಅವನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ. ಕಾರು ನೆಲದ ಮೇಲೆ ತೇಲುತ್ತಿರುವಂತಿತ್ತು. ಅದರಡಿ ಬೆಳಕಿನ ಒಂದು ಪಟ್ಟಿ, ಅದರಾಚೆ ಚಳಿಯ ಆಕಾಶ. ಅಲ್ಲೇ ಕಣ್ಣು ಮುಚ್ಚಿಬಿಡೋಣ, ಏಳುವುದೇ ಬೇಡ ಎನಿಸಿತು. ಎದ್ದರೆ ಗೆಳೆಯನ ಮುಖ ನೋಡಬೇಕಿತ್ತು.

"ಯಾವಾಗಿಂದ?" ನೆಲದಿಂದಲೇ ಕೇಳಿದ.

"ಅಕ್ಟೋಬರ್‌ನಿಂದ."

"ಡಾಕ್ಟರು ಏನಂದ್ರು?"

"ಹೊಟ್ಟೇಲಿ ಗಡ್ಡೆ. ಬೇಗ ಆಪರೇಷನ್ ಆಗ್ಬೇಕು ಅಂದ್ರು. ನಾನೇ ಮಾರ್ಚ್‌ವರೆಗೆ ತಡೀರಿ ಅಂದೆ. ಚಳಿ ಮುಗೀಲಿ ಅಂತ."

"ಫುಮಿಯೆಗೆ ಗೊತ್ತಾ?"

"ಗ್ಯಾಸ್ ಅಂದಿದೀನಿ ಹೆಂಡ್ತಿಗೆ. ನಂಬಿದಾಳೆ, ಪಾಪ."

ನೊಬೊರುವಿಗೆ ಮೈ ಉರಿಯಿತು. ಮೊದಲು ಅವನ ಮೇಲೆ, ಆಮೇಲೆ ತನ್ನ ಮೇಲೆ. ಹಿಂದಿನ ವಾರವಷ್ಟೇ ಅವನ ಅಂಗಡಿಯಲ್ಲಿ ಕೂತು ಕೂದಲು ಕತ್ತರಿಸಿಕೊಂಡಿದ್ದ. ಆ ಕೈ ಕಿವಿಯ ಪಕ್ಕದಲ್ಲೇ ಆಡುತ್ತಿದ್ದಾಗ ಇವನು ಕನ್ನಡಿ ನೋಡುತ್ತ ತಗಡಿನ ಅಂಚಿನ ಬಗ್ಗೆ ಒಂದೇ ಸಮನೆ ವದರುತ್ತಿದ್ದ. ಯಾರಿಗೂ ಕಾಣದ ಗಾಳಿ ತನಗೆ ಕಾಣುತ್ತದೆ ಎಂದು ಬೀಗುವ ಈ ದೊಡ್ಡ ಮನುಷ್ಯನಿಗೆ, ಕಣ್ಣೆದುರು ಕರಗುತ್ತಿದ್ದ ಗೆಳೆಯ ಕಾಣಲಿಲ್ಲ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಎರಡ್ನೇ ಸರದಿಗೆ ಇನ್ನೂ ಕಾಲು ಗಂಟೆ ಇದೆ," ಕಿಯೊಹರು ಮೆಲ್ಲಗೆ ಅಂದ. "ಬಳೆ ಒಂಚೂರು ಇಳಿಸು. ಈಗಿನ ತೂಕಕ್ಕೆ ಸರಿಮಾಡು. ಹತ್ತು ನಿಮಿಷದ ಕೆಲಸ."

ಅದು ನಿಜವಾಗಿತ್ತು. ಪಾನಾ ನೊಬೊರುವಿನ ಜೇಬಿನಲ್ಲೇ ಇತ್ತು. ಇಂಥ ಗಾಳಿ, ಇಂಥ ಚಳಿ, ಹಗುರಾದ ಕಾರು. ಇವತ್ತು ಒಂದು ನಿಮಿಷದ ಗಡಿ ಒಡೆಯುವುದು ಖಂಡಿತ ಎಂದು ಅವನ ಬೆರಳುಗಳಿಗೆ ಗೊತ್ತಿತ್ತು.

"ಆಗಲ್ಲ," ಅಂದ.

"ಯಾಕೋ?"

"ನಾನು ಈ ಕಾರು ಮಾಡಿದ್ದು ಅರವತ್ತೇಳು ಕಿಲೋ ಮನುಷ್ಯನಿಗೆ. ಈ ಐವತ್ಮೂರರವನು ಯಾರೋ, ನಂಗೆ ಪರಿಚಯ ಇಲ್ಲ."

"ತಮಾಷೆ ಬೇಡ ನೊಬೊರು. ಮುಂದಿನ ಚಳಿಗೆ ನಾನು ಇರ್ತೀನೋ ಇಲ್ವೋ."

"ಅದಕ್ಕೇ ಆಗಲ್ಲ ಅಂದಿದ್ದು. ಇವತ್ತು ಆ ನಿಮಿಷ ಒಡೆದುಬಿಟ್ರೆ ನೀನು ಸಮಾಧಾನವಾಗಿ ಮನೇಲಿ ಬಿದ್ಕೊಳ್ತೀಯ. ಆಸ್ಪತ್ರೆ ಕಡೆ ತಲೇನೂ ಹಾಕಲ್ಲ. ನಿನ್ನ ನನಗಿಂತ ಚೆನ್ನಾಗಿ ಬಲ್ಲವರು ಯಾರಿದಾರೆ?"

ಕಿಯೊಹರು ಅವನನ್ನು ಬಾಯಿಗೆ ಬಂದಂತೆ ಬೈದ. ದ್ರೋಹಿ ಅಂದ, ತಗಡು ತಲೆಯವನೇ ಅಂದ, ಹನ್ನೊಂದು ವರ್ಷ ಮಣ್ಣುಪಾಲು ಮಾಡಿದೆ ಅಂದ. ನೊಬೊರು ನೆಲದಿಂದೆದ್ದು ಎಲ್ಲವನ್ನೂ ಕೇಳಿಸಿಕೊಂಡ. ಅಷ್ಟರಲ್ಲಿ ಎರಡನೆಯ ಸರದಿಯ ಕರೆ ಬಂತು. ಅಕ್ಕಪಕ್ಕದ ಕಾರುಗಳು ಒಂದೊಂದಾಗಿ ಹೊರಟವು. ಅವುಗಳ ಸದ್ದು ದೂರ ಹೋಗಿ, ತಿರುಗಿ ಹತ್ತಿರ ಬಂದು, ಮತ್ತೆ ದೂರವಾಯಿತು. ಬಿಳಿ ಕಾರು ಪಿಟ್‌ನಲ್ಲೇ ಉಳಿಯಿತು.

"ಹೆದರಿಕೆ ಆಗುತ್ತೆ ಕಣೋ," ಕಿಯೊಹರು ಅಂದ. "ಇದರಲ್ಲಿ ಕೂತಾಗ ಮಾತ್ರ ಆಗಲ್ಲ."

"ನಂಗೂ ಆಗ್ತಿದೆ." ನೊಬೊರು ಬಾಟಲಿಗಳನ್ನು ಒಂದೊಂದಾಗಿ ತೆಗೆದು ಕೆಳಗಿಟ್ಟ. "ನಾಳೆ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ಫುಮಿಯೆಗೆ ಮಾತ್ರ ಇವತ್ತು ನೀನೇ ಹೇಳ್ಬೇಕು."

"ಪಕ್ಕದಲ್ಲಿ ಕೂತಿರ್ತೀಯಾ?"

"ಕೂತಿರ್ತೀನಿ. ಬಾ, ಏಳು."

ಚಳಿಗೋ ಏನೋ, ಕಿಯೊಹರುವಿನ ಬೆರಳಿಗೆ ಬೆಲ್ಟಿನ ಕೊಂಡಿ ಬಿಚ್ಚಲಾಗಲಿಲ್ಲ. ನೊಬೊರುವೇ ಬಗ್ಗಿ ಬಿಚ್ಚಿ, ಅವನ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿದ. ಎತ್ತಲು ಏನೂ ಬಲ ಬೇಕಾಗಲಿಲ್ಲ. ಈ ಕಾರಿನಿಂದ ಒಂದೊಂದು ಗ್ರಾಂ ಕಡಿಮೆ ಮಾಡಲು ಹನ್ನೊಂದು ವರ್ಷ ಒದ್ದಾಡಿದವನಿಗೆ ಆ ಹಗುರ ತಡೆಯಲಾಗದೆ, ಗೆಳೆಯನನ್ನು ಹಾಗೇ ಹಿಡಿದುಕೊಂಡು ಅತ್ತುಬಿಟ್ಟ.